ಒಂಬತ್ತು ಚೀಲ ರಾಶಿ ಅಡಿಕೆ: ಶಿವಮೊಗ್ಗದ ನಗರ ಠಾಣೆಯಲ್ಲಿ ಒಂದು ಕಳವು ಪ್ರಕರಣ

ಕಳುವಾದ ಬೈಕಿಗೆ ಚಾಸಿ ನಂಬರ್ ಇರುತ್ತದೆ. ಮೊಬೈಲಿಗೆ ಐಎಂಇಐ ಇರುತ್ತದೆ. ಬಂಗಾರದ ಸರಕ್ಕೆ ಅಂಗಡಿಯ ಬಿಲ್ಲೋ ಮದುವೆಯ ಫೋಟೊವೋ ಏನಾದರೊಂದು ಸಿಗುತ್ತದೆ. ಅಡಿಕೆಗೆ ಇದ್ಯಾವುದೂ ಇಲ್ಲ. ಎರಡು ತೋಟದ ರಾಶಿಯನ್ನು (ಸುಲಿದು ಬೇಯಿಸಿ ಒಣಗಿಸಿದ ಕೆಂಪಡಿಕೆಯನ್ನು) ಒಂದೇ ಚೀಲಕ್ಕೆ ಸುರಿದರೆ ಮತ್ತೆ ಬೇರೆ ಮಾಡಿಕೊಡುವವರು ಯಾರೂ ಇಲ್ಲ. ಹಾಗಾಗಿ ಅಡಿಕೆ ಕಳವಿನ ಕೇಸು ಕೈಗೆ ಬಂದ ಅಧಿಕಾರಿ ಎರಡು ತನಿಖೆ ನಡೆಸಬೇಕು. ಕದ್ದವರು ಯಾರು ಎಂಬುದೊಂದು, ಸಿಕ್ಕ ಅಡಿಕೆ ಯಾರದ್ದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇಡೀ ಕ್ರೈಂ ತಂಡ ಓಡಾಡುತ್ತದೆ. ಎರಡನೆಯದರ ಹಣೆಬರಹ ಬಹುಪಾಲು ಪಿರ್ಯಾದು ಬರೆದುಕೊಳ್ಳುವ ಮೇಜಿನ ಮೇಲೆ, ಮೊದಲ ಒಂದೆರಡು ಗಂಟೆಯಲ್ಲೇ ತೀರ್ಮಾನವಾಗಿರುತ್ತದೆ.

ಇಲ್ಲಿರುವುದು ಯಾವುದೇ ಒಂದು ಠಾಣೆಯ ಕಡತದ ನಕಲಲ್ಲ. ನಗರ ಠಾಣೆಯಲ್ಲಿ ಇಂಥ ಕೇಸುಗಳು ಸಾಗುವ ರೀತಿಯನ್ನು ಒಂದೇ ಸನ್ನಿವೇಶಕ್ಕೆ ಹೊಂದಿಸಿ ಬರೆದದ್ದು. ಇದರ ಮನೆ, ಗಾಡಿ, ವ್ಯಕ್ತಿಗಳು ಕಲ್ಪಿತ. ಕಾನೂನು ಮಾತ್ರ 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಗಳದ್ದು: ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ.

ಪಿರ್ಯಾದು

ಎರಡು ವರ್ಷಕ್ಕೊಮ್ಮೆ ಬರುವ ಕೋಟೆ ಮಾರಿಕಾಂಬ ಜಾತ್ರೆಯ ವಾರ. ಠಾಣೆಯ ಅರ್ಧ ಸಿಬ್ಬಂದಿ ಬಂದೋಬಸ್ತಿನಲ್ಲಿದ್ದರು. ಬೆಳಿಗ್ಗೆ 7.20ಕ್ಕೆ ನಗರದ ಅಂಚಿನ ಬಡಾವಣೆಯಿಂದ ಅರುವತ್ತು ದಾಟಿದ ಬೆಳೆಗಾರರೊಬ್ಬರು ಮಗನ ಜೊತೆ ಬಂದರು. ಎರಡು ಎಕರೆ ತೋಟ, ಮನೆಯ ಹಿಂದೆ ತಗಡಿನ ಶೆಡ್ಡು. ರೇಟು ಏರಲಿ ಎಂದು ಕಾದು ಇಟ್ಟಿದ್ದ 14 ಚೀಲ ರಾಶಿಯಲ್ಲಿ 9 ಹೋಗಿತ್ತು, 5 ಉಳಿದಿತ್ತು.

ಅವರು ಬರೆದು ತಂದಿದ್ದ ಅರ್ಜಿಯಲ್ಲಿ ಇದ್ದದ್ದು ಇಷ್ಟೇ: ‘ಸುಮಾರು ಮೂರು ಲಕ್ಷ ಬೆಲೆಬಾಳುವ ಒಂಬತ್ತು ಚೀಲ ಅಡಿಕೆಯನ್ನು ಯಾರೋ ಕಳ್ಳರು ಕಳವು ಮಾಡಿಕೊಂಡು ಹೋಗಿರುತ್ತಾರೆ. ಪತ್ತೆ ಮಾಡಿಕೊಡಬೇಕಾಗಿ ಕೋರಿಕೆ.’ ಎಫ್‌ಐಆರ್ ದಾಖಲಿಸಲು ಇಷ್ಟು ಸಾಕು, ಶಿಕ್ಷೆ ಕೊಡಿಸಲು ಸಾಲದು. ಹದಿನೈದು ದಿನದ ಮೇಲೆ ಯಾವುದೋ ಗೋದಾಮಿನಲ್ಲಿ ಒಂಬತ್ತು ಚೀಲ ಅಡಿಕೆ ಸಿಕ್ಕಾಗ, ‘ಇದು ನಿಮ್ಮದೇ ಎಂದು ಹೇಗೆ ಗುರುತಿಸಿದಿರಿ’ ಎಂಬ ಪಾಟೀಸವಾಲಿಗೆ ಆ ಅರ್ಜಿಯಲ್ಲಿ ಉತ್ತರವಿಲ್ಲ. ಅಡಿಕೆ ಸಿಕ್ಕಿದ ಮೇಲೆ ಬರೆಸಿಕೊಂಡ ಗುರುತಿಗೆ ಪ್ರತಿವಾದಿ ವಕೀಲರು ಒಂದೇ ಮಾತಿನ ಉತ್ತರ ಕೊಡುತ್ತಾರೆ: ಸಿಕ್ಕಿದ್ದನ್ನು ನೋಡಿಕೊಂಡು ಹೇಳಿಸಿದ್ದು. ಅದೇ ಗುರುತು ಮೊದಲ ದಿನದ ಕಾಗದದಲ್ಲಿದ್ದರೆ ಈ ವಾದಕ್ಕೆ ಜಾಗವೇ ಇರುವುದಿಲ್ಲ.

ಆ ಹೊತ್ತಿಗೆ ಠಾಣೆಯಲ್ಲಿದ್ದ ಹೆಡ್ ಕಾನ್‌ಸ್ಟೆಬಲ್‌ಗೆ ಇದು ಗೊತ್ತಿತ್ತು. ಅರ್ಜಿಯನ್ನು ಪಕ್ಕಕ್ಕಿಟ್ಟು ಕೇಳಿದರು:

‘ಯಜಮಾನ್ರೇ, ಚೀಲದ ಬಾಯಿ ಯಾವ ದಾರದಲ್ಲಿ ಹೊಲ್ದಿದ್ರಿ?’

‘ಹಸಿರು ನೈಲಾನು ಸಾರ್. ಮೀನು ಬಲೆ ದಾರ ಮನೇಲಿ ಉಳ್ದಿತ್ತು, ಅದ್ರಲ್ಲೇ ಹೊಲ್ದೆ.’

‘ನೀವೇ ಹೊಲ್ದಿದ್ದಾ?’

‘ಹೌದು ಸಾರ್, ದಬ್ಬಣ ಇವತ್ತಿಗೂ ಮನೇಲೈತೆ.’

ಮಂಡಿಯಲ್ಲಿ ಸಾಮಾನ್ಯವಾಗಿ ಕಾಣುವುದು ಸೆಣಬಿನ ಹುರಿ. ಬಲೆಯ ದಾರದಲ್ಲಿ ಹೊಲಿದ ಚೀಲ ಅಪರೂಪ. ಪ್ರಶ್ನೆಗಳು ಮುಂದುವರಿದವು. ಗೋಣಿ ಹೊಸದೋ ಹಳೆಯದೋ, ಮೊದಲು ಅದರಲ್ಲಿ ಏನಿತ್ತು, ಮೇಲೆ ಮುದ್ರೆ ಏನಿದೆ, ಬಣ್ಣದಲ್ಲಿ ಅಕ್ಷರ ಬರೆದಿದ್ದಾರೆಯೇ, ಚೀಲಕ್ಕೆ ಎಷ್ಟು ತೂಗಿ ತುಂಬಿದ್ದು, ತೂಗಿದ ಚೀಟಿ ಇದೆಯೇ, ಯಾವ ಕೊಯ್ಲಿನದು, ಗೊರಬಲು (ಕೆಳದರ್ಜೆಯ ಅಡಿಕೆ) ಬೇರೆ ಮಾಡಿತ್ತೇ, ಚೊಗರು (ಅಡಿಕೆಗೆ ಬಣ್ಣ ಕೊಡುವ, ಬೇಯಿಸಿದಾಗ ಬಿಟ್ಟ ರಸ) ಹಳೆಯದೋ ಹೊಸದೋ, ಬಣ್ಣ ಕೆಂಪೋ ಕಪ್ಪೋ. ಚೀಲಕ್ಕೆ 65 ಕಿಲೋದಂತೆ ತುಂಬಿದ್ದರು. ಮೂರನೇ ಕೊಯ್ಲಿನದು, ಚೊಗರು ಸ್ವಲ್ಪ ತೆಳುವಾಗಿ ಬಣ್ಣ ಪೇಲವ. ಏಳು ಗೋಣಿಯ ಮೇಲೆ ನೀಲಿ ಪೇಂಟಿನಲ್ಲಿ ಎರಡು ಅಕ್ಷರ, ಎರಡರ ಮೇಲೆ ಏನೂ ಇಲ್ಲ. ಇದೆಲ್ಲ ಪಿರ್ಯಾದಿನ ಭಾಗವಾಗಿ ಬರೆಯಲ್ಪಟ್ಟಿತು. ಕೆಲಸಕ್ಕೆ ತೆಗೆದುಕೊಂಡದ್ದು ಇಪ್ಪತ್ತೈದು ನಿಮಿಷ.

ಬೆಲೆಯನ್ನೂ ಅಂದಾಜಿನಲ್ಲಿ ಬಿಡಲಿಲ್ಲ. 9 ಚೀಲಕ್ಕೆ 585 ಕಿಲೋ, ಹಿಂದಿನ ದಿನದ ಎಪಿಎಂಸಿ ದರ ಕ್ವಿಂಟಲ್‌ಗೆ 48,000 ರೂಪಾಯಿ, ಒಟ್ಟು 2,80,800 ರೂಪಾಯಿ. ಆ ದಿನದ ದರಪಟ್ಟಿಯನ್ನು ತರಿಸಿ ಕಡತಕ್ಕೆ ಸೇರಿಸಿದ್ದು ಮುಂದೆ ಕೊಂಡವನ ವಿಚಾರಕ್ಕೆ ದೊಡ್ಡ ಆಧಾರವಾಯಿತು.

ಕಲಂ ಹಾಕುವಲ್ಲಿ ಒಂದು ಎಚ್ಚರ ಬೇಕು. ಕಳವು ಎಂದ ಕೂಡಲೇ ಭಾರತೀಯ ನ್ಯಾಯ ಸಂಹಿತೆಯ 303(2) ಬರೆದು ಮುಗಿಸುವ ಅಭ್ಯಾಸವಿದೆ. ಇಲ್ಲಿ ರಾತ್ರಿ ಶೆಡ್ಡಿನ ಕೊಂಡಿ ಕಿತ್ತು ಒಳಹೊಕ್ಕಿದ್ದಾರೆ. ಸ್ವತ್ತು ಕಾಪಾಡಲು ಬಳಸುವ ಕಟ್ಟಡವಾದ್ದರಿಂದ 305, ಕಳವಿಗಾಗಿ ರಾತ್ರಿ ಕನ್ನ ಹಾಕಿದ್ದರಿಂದ 331(4) ಸೇರಬೇಕು. ಕೊನೆಯದಕ್ಕೆ 14 ವರ್ಷದವರೆಗೆ ಶಿಕ್ಷೆ ಇದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧದಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 176(3) ಹೇಳುತ್ತದೆ. ಕಲಂ ತಪ್ಪಿದರೆ ಅವರಿಗೆ ಕರೆಯೇ ಹೋಗುವುದಿಲ್ಲ.

ಸ್ಥಳ

ಪಿಎಸ್‌ಐ ಸ್ಥಳಕ್ಕೆ ಹೋಗುವ ಮೊದಲೇ ಬೀಟ್ ಕಾನ್‌ಸ್ಟೆಬಲ್‌ನನ್ನು ಕಳಿಸಿ ಶೆಡ್ಡಿನ ಸುತ್ತ ಯಾರೂ ಓಡಾಡದಂತೆ ಮಾಡಿದ್ದರು. ನೆರೆಹೊರೆಯವರು ನೋಡಲು ಬಂದು ಹೆಜ್ಜೆ ಗುರುತಿನ ಮೇಲೆ ಹೆಜ್ಜೆ ಹಾಕುವುದು, ಮನೆಯವರು ಬಾಗಿಲು ಸರಿಮಾಡಿ ಕಸ ಗುಡಿಸುವುದು ಪ್ರತಿ ಕೇಸಿನಲ್ಲೂ ಆಗುವ ನಷ್ಟ. ಇಲ್ಲಿಯೂ ಸೊಸೆ ಅಂಗಳಕ್ಕೆ ನೀರು ಹಾಕಿಬಿಟ್ಟಿದ್ದಳು. ಹಿತ್ತಲು ಉಳಿದಿತ್ತು.

ಬಾಗಿಲ ಕೊಂಡಿಯ ಸ್ಕ್ರೂ ಬಿಚ್ಚಿ ಬೀಗವನ್ನು ಹಾಗೆಯೇ ನೇತುಬಿಟ್ಟಿದ್ದರು. ಬೀಗ ಒಡೆಯದೆ ಸ್ಕ್ರೂ ಬಿಚ್ಚಿದವರು ಹಗಲಲ್ಲಿ ಆ ಬಾಗಿಲನ್ನು ನೋಡಿದ್ದಾರೆ, ಸ್ಕ್ರೂಡ್ರೈವರ್ ಹಿಡಿದೇ ಬಂದಿದ್ದಾರೆ. ಬೆರಳಚ್ಚು ತಂಡಕ್ಕೆ ತಗಡಿನ ಮೇಲೆ ಒಂದು ಅರೆ ಅಚ್ಚು ಸಿಕ್ಕಿತು. ಹೋಲಿಕೆಗೆ ಅದು ಸಾಲಲಿಲ್ಲ. ಶ್ವಾನ ಹಿತ್ತಲ ದಾರಿಯಲ್ಲಿ ಓಡಿ ರಸ್ತೆಯ ಅಂಚಿಗೆ ಬಂದು ನಿಂತಿತು, ಎಂದರೆ ಅಲ್ಲಿಂದ ಮುಂದೆ ಗಾಡಿ.

ಆ ಅರುವತ್ತು ಮೀಟರ್ ದಾರಿಯಲ್ಲೇ ಕೇಸಿನ ಮುಖ್ಯ ವಸ್ತು ಬಿದ್ದಿತ್ತು. ಅಲ್ಲಲ್ಲಿ ಉದುರಿದ ಅಡಿಕೆ, ಎರಡು ಮೂರು ಹೆಜ್ಜೆಗೊಂದು. ಒಂದು ಚೀಲದ ತಳ ಹರಿದಿರಬೇಕು. ಬಾಗಿಲ ಚೌಕಟ್ಟಿನ ಕೆಳಗೆ ಸೊಟ್ಟಗೆ ಹೊರಬಂದ ತಗಡಿನ ತುದಿಯಲ್ಲಿ ಗೋಣಿಯ ನಾರಿನ ಒಂದು ಎಳೆ ಸಿಕ್ಕಿಕೊಂಡಿತ್ತು. ಉದುರಿದ 43 ಅಡಿಕೆಯನ್ನು ಒಂದು ಪೊಟ್ಟಣಕ್ಕೆ, ನಾರನ್ನು ಇನ್ನೊಂದಕ್ಕೆ ಹಾಕಿ, ಪಂಚರ ಸಹಿಯ ಚೀಟಿ ಅಂಟಿಸಿ ಅರಗು ಹಾಕಿದರು. ಉಳಿದ ಐದು ಚೀಲಗಳಲ್ಲಿ ಒಂದನ್ನು ಹೋಲಿಕೆಗೆ ಇರಲಿ ಎಂದು ಹೊಲಿಗೆ ಸಮೇತ ಅಮಾನತ್ತುಪಡಿಸಿದರು, ಎಂದರೆ ವಶಕ್ಕೆ ತೆಗೆದುಕೊಂಡರು. ಪೂರ್ತಿ ಐದನ್ನೂ ಠಾಣೆಗೆ ಎಳೆದು ತರುವುದು ಬೇಡದ ಕೆಲಸ, ಬೆಳೆಗಾರರಿಗೆ ಎರಡನೇ ನಷ್ಟ. ಮನೆಯಲ್ಲಿದ್ದ ದಬ್ಬಣ ಮತ್ತು ಹಸಿರು ದಾರದ ಉಂಡೆಯನ್ನೂ ತೆಗೆದುಕೊಂಡರು. ಎಲ್ಲವೂ ಪ್ರಾಪರ್ಟಿ ಫಾರಂನಲ್ಲಿ ನಮೂದಾಗಿ ಪಿಎಫ್ ನಂಬರ್ ಸಹಿತ ಕೋರ್ಟಿಗೆ ವರದಿಯಾಯಿತು.

ಐದು ಚೀಲ ಯಾಕೆ ಬಿಟ್ಟರು ಎಂಬ ಪ್ರಶ್ನೆಯನ್ನು ಬಹಳ ತನಿಖೆಯಲ್ಲಿ ಯಾರೂ ಕೇಳುವುದಿಲ್ಲ. 14 ಚೀಲಕ್ಕೆ 910 ಕಿಲೋ. ಮುಕ್ಕಾಲು ಟನ್ ಹೊರುವ ಚಿಕ್ಕ ಗೂಡ್ಸ್ ಗಾಡಿಗೆ ಅದು ಜಾಸ್ತಿ, ಒಂಬತ್ತು ಚೀಲ ಸರಿಯಾದ ಲೋಡು. ಇದು ಪುರಾವೆಯಲ್ಲ, ಆದರೆ ಕ್ಯಾಮೆರಾದಲ್ಲಿ ಏನನ್ನು ಹುಡುಕಬೇಕು ಎಂದು ಹೇಳಿತು. ಇನ್ನೊಂದು ಲೆಕ್ಕ ಹೊತ್ತಿನದು. 65 ಕಿಲೋ ಚೀಲವನ್ನು ಹೆಗಲಿಗೇರಿಸಿ ಕತ್ತಲಲ್ಲಿ 60 ಮೀಟರ್ ಹೋಗಿ ಬರಲು ಮೂರರಿಂದ ನಾಲ್ಕು ನಿಮಿಷ ಬೇಕು. ಇಬ್ಬರಿದ್ದರೆ ಐದು ಸುತ್ತು. ಸ್ಕ್ರೂ ಬಿಚ್ಚುವುದು, ಗಾಡಿಯಲ್ಲಿ ಜೋಡಿಸುವುದು ಸೇರಿ ಗಾಡಿ ಅಲ್ಲಿ ಅರ್ಧದಿಂದ ಮುಕ್ಕಾಲು ಗಂಟೆ ನಿಂತಿರಬೇಕು.

ಪಿರ್ಯಾದುದಾರರ ಮಗ ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸರ ಮೇಲೆ ಅನುಮಾನ ಹೇಳಿದ. ಮಲೆನಾಡಿನಲ್ಲಿ ಅಡಿಕೆ ಕಳವಾದಾಗ ಮೊದಲು ಬರುವ ಹೆಸರು ಕೂಲಿಯವರದ್ದೇ. ಆ ಅನುಮಾನವನ್ನು ಪಿರ್ಯಾದಿನಲ್ಲಿ ಬರೆದರೆ ಎರಡು ಕೆಡುಕಿದೆ. ತಪ್ಪಿಲ್ಲದವರನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದ ಹಾಗಾಗುತ್ತದೆ, ಅದು ಅನ್ಯಾಯ. ನಿಜವಾದ ಕಳ್ಳ ಸಿಕ್ಕಾಗ ಪ್ರತಿವಾದಿ ವಕೀಲರು ಆ ಸಾಲನ್ನೇ ಎತ್ತಿ ತೋರಿಸುತ್ತಾರೆ. ಪಿಎಸ್‌ಐ ಅದನ್ನು ಬರೆಸಲಿಲ್ಲ. ಬದಲಿಗೆ ಶೆಡ್ಡನ್ನು ಒಳಗಿನಿಂದ ಕಂಡವರೆಲ್ಲರ ಪಟ್ಟಿ ಕೇಳಿದರು: ಸುಲಿಯುವವರು, ಬೇಯಿಸಿದವರು, ವೈರಿಂಗ್ ಮಾಡಿದವರು, ಚೇಣಿ (ತೋಟದ ಫಸಲಿನ ಗುತ್ತಿಗೆ) ಕೇಳಲು ಬಂದವರು, ಎರಡು ತಿಂಗಳ ಹಿಂದೆ ನಾಲ್ಕು ಚೀಲ ಮಂಡಿಗೆ ಸಾಗಿಸಿದ ಬಾಡಿಗೆ ಗಾಡಿಯವನು.

ಕ್ಯಾಮೆರಾ ಮತ್ತು ಗಾಡಿ

ಸ್ಮಾರ್ಟ್ ಸಿಟಿ ಯೋಜನೆಯ ಕ್ಯಾಮೆರಾಗಳು ಮುಖ್ಯ ವೃತ್ತಗಳಲ್ಲಿವೆ, ಅಂಚಿನ ಬಡಾವಣೆಗಳಲ್ಲಿ ಆಸರೆ ಅಂಗಡಿ ಮುಂಗಟ್ಟಿನ ಖಾಸಗಿ ಕ್ಯಾಮೆರಾಗಳೇ. ಚಿಕ್ಕ ಅಂಗಡಿಯ ಡಿವಿಆರ್ ಕೆಲವೇ ದಿನದ ದೃಶ್ಯ ಇಟ್ಟುಕೊಂಡು ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ಜಾತ್ರೆ ಬಂದೋಬಸ್ತ್ ಮುಗಿಯಲಿ ಎಂದು ಕಾದಿದ್ದರೆ ಇದೂ ಹೋಗುತ್ತಿತ್ತು. ಅದೇ ಮಧ್ಯಾಹ್ನ ಇಬ್ಬರು ಸಿಬ್ಬಂದಿ ತಿರುವಿನ ಕಿರಾಣಿ ಅಂಗಡಿಯಲ್ಲಿ ಕೂತರು.

ಮೊದಲ ಕೆಲಸ ಡಿವಿಆರ್ ಗಡಿಯಾರವನ್ನು ಮೊಬೈಲ್ ಸಮಯದೊಂದಿಗೆ ಹೋಲಿಸಿ ಬರೆದಿಡುವುದು. ಇಲ್ಲಿ ಅದು 11 ನಿಮಿಷ ಮುಂದಿತ್ತು. ಈ ವ್ಯತ್ಯಾಸವನ್ನು ಮಹಜರಿನಲ್ಲಿ ನಮೂದಿಸದಿದ್ದರೆ ಬೇರೆ ಕ್ಯಾಮೆರಾದ ಸಮಯಕ್ಕೂ ಇದಕ್ಕೂ ತಾಳೆಯಾಗದೆ, ಒಂದೇ ಗಾಡಿ ಒಂದೇ ಹೊತ್ತಿಗೆ ಎರಡು ಕಡೆ ಇದ್ದಂತೆ ಕಾಣುತ್ತದೆ. ತಿದ್ದಿದ ಲೆಕ್ಕದಲ್ಲಿ ರಾತ್ರಿ 2.05ಕ್ಕೆ ಒಂದು ಚಿಕ್ಕ ಗೂಡ್ಸ್ ಗಾಡಿ ಒಳಗೆ ಹೋಗಿ 2.50ಕ್ಕೆ ಹೊರಗೆ ಬಂದಿತ್ತು. ನಂಬರ್ ಪ್ಲೇಟು ಕಾಣುತ್ತಿರಲಿಲ್ಲ. ಹೋಗುವಾಗ ಹಿಂದಿನ ಚಕ್ರ ಮತ್ತು ಬಾಡಿಯ ನಡುವೆ ಒಂದು ಗೇಣು ಬೆಳಕು ಕಾಣುತ್ತಿತ್ತು. ಬರುವಾಗ ಬಾಡಿ ಕುಸಿದು ಆ ಸಂದು ಮುಚ್ಚಿತ್ತು. ಎಡಗಡೆಯ ಹಿಂದೀಪ ಉರಿಯುತ್ತಿರಲಿಲ್ಲ. ಮುಂದೆ ಮೂರು ಕಿಲೋಮೀಟರ್ ದೂರದ ಪೆಟ್ರೋಲ್ ಬಂಕಿನಲ್ಲಿ ಅದೇ ಹಿಂದೀಪದ ಗಾಡಿ, ಕೆಎ-14 ಮತ್ತು ಕೊನೆಯ ಎರಡು ಅಂಕಿ ಓದಲು ಸಿಕ್ಕಿತು.

ದೃಶ್ಯವನ್ನು ಮೊಬೈಲಿನಲ್ಲಿ ಪರದೆ ನೋಡಿ ಚಿತ್ರೀಕರಿಸಿ ತರುವುದು ಸುಳಿವಿಗೆ ಸಾಕು, ಸಾಕ್ಷ್ಯಕ್ಕೆ ಅಲ್ಲ. ಪೆನ್‌ಡ್ರೈವಿಗೆ ಮೂಲ ಫೈಲನ್ನೇ ತೆಗೆದು, ಫೈಲು ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯ ಬರೆದು, ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಪಡೆಯಬೇಕು. ಅದರಲ್ಲಿ ಎ ಭಾಗವನ್ನು ಯಂತ್ರ ನೋಡಿಕೊಳ್ಳುವವರು, ಬಿ ಭಾಗವನ್ನು ತಜ್ಞರು ಸಹಿ ಮಾಡಬೇಕು. ಅಂಗಡಿಯವರು ಕೋರ್ಟಿಗೆ ಅಲೆಯಬೇಕಾದೀತೆಂದು ಹಿಂಜರಿಯುತ್ತಾರೆ. ಅವರಿಗೆ ಗದರಿಸಿ ಸಹಿ ಹಾಕಿಸಿದರೆ ಸಾಕ್ಷಿಕಟ್ಟೆಯಲ್ಲಿ ‘ಪೊಲೀಸರು ಹೇಳಿದ ಕಡೆ ಸಹಿ ಹಾಕಿದೆ’ ಎನ್ನುತ್ತಾರೆ. ಕೂತು ವಿವರಿಸಿ ಹೇಳಿದರೆ ಒಪ್ಪುವವರೇ ಹೆಚ್ಚು.

ಗಾಡಿ ಸಿಕ್ಕಿದ್ದು ಕಂಪ್ಯೂಟರಿನಿಂದಲ್ಲ. ಕೊನೆಯ ಎರಡು ಅಂಕಿಯ ಗೂಡ್ಸ್ ಗಾಡಿಗಳ ಪಟ್ಟಿ ಬಂದಾಗ ಅದರಲ್ಲಿ ಹತ್ತಾರು ಹೆಸರಿದ್ದವು. ಪಿರ್ಯಾದುದಾರರು ಕೊಟ್ಟ ಪಟ್ಟಿಯ ಪಕ್ಕ ಅದನ್ನಿಟ್ಟಾಗ ಮಂಡಿಗೆ ಅಡಿಕೆ ಸಾಗಿಸಿದ ಬಾಡಿಗೆ ಗಾಡಿ ಎರಡರಲ್ಲೂ ಇತ್ತು. ಬೀಟ್ ಕಾನ್‌ಸ್ಟೆಬಲ್ ಗಾಡಿ ಸ್ಟ್ಯಾಂಡಿಗೆ ಮಫ್ತಿಯಲ್ಲಿ ಹೋಗಿ ಎಡ ಹಿಂದೀಪ ನೋಡಿ ಬಂದರು. ಬಲ್ಬು ಹೊಸದಾಗಿತ್ತು, ಅದರ ಸುತ್ತಲಿನ ಗಾಜು ಒಡೆದೇ ಇತ್ತು.

ಪಿರ್ಯಾದಿನಿಂದ ಬಂಧನದವರೆಗಿನ ಹನ್ನೊಂದು ದಿನ ಠಾಣೆಯಲ್ಲಿ ನಡೆದದ್ದು ಈ ಕೇಸು ಒಂದೇ ಅಲ್ಲ ಎಂಬುದನ್ನು ಓದುಗರು ನೆನಪಿಡಬೇಕು. ಶಿವಮೊಗ್ಗದಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲ. ನಗರದ ಠಾಣೆಗಳೂ ಜಿಲ್ಲಾ ಎಸ್‌ಪಿ ಅವರ ಕೆಳಗೇ ಬರುತ್ತವೆ, ದೊಡ್ಡ ಬಂದೋಬಸ್ತ್ ಬಂದಾಗ ಸಿಬ್ಬಂದಿಯನ್ನು ಎಲ್ಲಿಗೆ ಬೇಕಾದರೂ ಕಳಿಸುತ್ತಾರೆ. ತನಿಖೆ ಮಾಡುವ ಪಿಎಸ್‌ಐ ಬೆಳಿಗ್ಗೆ ರೋಲ್‌ಕಾಲಿಗೆ ನಿಂತು ಡ್ಯೂಟಿ ಹಂಚಬೇಕು, ಅಣ್ಣ ತಮ್ಮಂದಿರ ಬೇಲಿ ಜಗಳದ ಅರ್ಜಿ ವಿಚಾರಿಸಬೇಕು, 112ಕ್ಕೆ ಬಂದ ಕರೆಗೆ ಓಡಬೇಕು, ಹಳೆಯ ಕೇಸಿನ ಸಾಕ್ಷಿಗೆ ಕೋರ್ಟಿಗೆ ಹೋಗಬೇಕು, ಸಂಜೆ ಜಾತ್ರೆಯ ಸಾಲಿನಲ್ಲಿ ನಿಲ್ಲಬೇಕು, ಸರದಿ ಬಂದರೆ ರಾತ್ರಿ ರೌಂಡ್ಸ್. ತನಿಖೆಗೆ ಸಿಗುವುದು ಇವುಗಳ ನಡುವಿನ ಚೂರು ಹೊತ್ತು. ಕೇಸ್ ಡೈರಿಯನ್ನು ನಾಲ್ಕು ದಿನದ್ದು ಒಟ್ಟಿಗೆ ಕೂತು ಬರೆಯುವ ಕೆಟ್ಟ ಅಭ್ಯಾಸ ಹುಟ್ಟುವುದು ಇಲ್ಲಿಂದಲೇ. ಹಾಗೆ ಬರೆದಾಗ ಒಬ್ಬನೇ ಅಧಿಕಾರಿ ಒಂದೇ ಹೊತ್ತಿಗೆ ಬಂದೋಬಸ್ತಿನಲ್ಲೂ ಮಹಜರಿನಲ್ಲೂ ಇದ್ದಂತೆ ದಾಖಲಾಗುತ್ತದೆ. ಪ್ರತಿವಾದಿಯವರು ಠಾಣಾ ದಿನಚರಿಯನ್ನು ತರಿಸಿ ಮಹಜರಿನ ಪಕ್ಕದಲ್ಲಿಟ್ಟರೆ ಮುಗಿಯಿತು. ದಿನಕ್ಕೆ ಹತ್ತು ಸಾಲಾದರೂ ಸರಿ, ಅದೇ ದಿನ ಬರೆಯಬೇಕು.

ಬಂಧನ, ಹೇಳಿಕೆ, ಅಮಾನತ್ತು

ಹನ್ನೊಂದನೇ ದಿನ ಸಂಜೆ 4ಕ್ಕೆ ಚಾಲಕನ ಬಂಧನ, ಎರಡು ಗಂಟೆಯ ಮೇಲೆ ಅವನ ಜೊತೆಗಾರನದ್ದು. ಬಂಧನದ ಕಾರಣವನ್ನು ಬರಹದಲ್ಲಿ, ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಕೊಟ್ಟು ಸಹಿ ಪಡೆಯಲಾಯಿತು. ಮನೆಯವರಿಗೆ ತಿಳಿಸಿದ ಹೊತ್ತು, ಯಾರಿಗೆ ತಿಳಿಸಿದ್ದು ಎಂಬುದು ದಿನಚರಿಗೆ ಬಂತು. ಮೆಗ್ಗಾನ್ ಆಸ್ಪತ್ರೆಯಲ್ಲಿ ವೈದ್ಯಕೀಯ ತಪಾಸಣೆ ಮಾಡಿಸಿ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ನಾಲ್ಕು ದಿನದ ಪೊಲೀಸ್ ಕಸ್ಟಡಿ ಪಡೆದರು. ಇದರಲ್ಲಿ ಒಂದು ಕಾಗದ ತಪ್ಪಿದರೂ ಬಂಧನವೇ ಅಕ್ರಮವೆಂದು ಆರೋಪಿ ಹೊರಬರಬಹುದು. ಒಂದು ಏಟು ಬಿದ್ದರೂ ವೈದ್ಯರ ಚೀಟಿಯಲ್ಲಿ ಅದು ಕಾಣುತ್ತದೆ. ಹೊಡೆದು ಪಡೆದ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ಅದರ ಅಗತ್ಯವೂ ಈ ಕೇಸಿನಲ್ಲಿ ಇರಲಿಲ್ಲ. ಗಾಡಿ ಒಳಗೆ ಹೋದ ದೃಶ್ಯ, ಹೊರಗೆ ಬಂದ ದೃಶ್ಯ, ಪೆಟ್ರೋಲ್ ಬಂಕಿನ ಚಿತ್ರ ಮೂರನ್ನೂ ಸಾಲಾಗಿ ತೋರಿಸಿದ ಮೇಲೆ ಚಾಲಕ ಹೇಳಿದ.

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಆದರೆ ಆ ಹೇಳಿಕೆಯಿಂದ ಒಂದು ವಸ್ತು ಪತ್ತೆಯಾದರೆ, ಪತ್ತೆಗೆ ನೇರವಾಗಿ ಕಾರಣವಾದ ಮಾತಿನ ತುಣುಕನ್ನು ನ್ಯಾಯಾಲಯ ಒಪ್ಪುತ್ತದೆ. ಹಿಂದೆ ಇದು ಸಾಕ್ಷ್ಯ ಕಾಯ್ದೆಯ 27ನೇ ಕಲಂ, ಈಗ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನ ಪರಂತುಕ. ಹಾಗಾಗಿ ಸ್ವಇಚ್ಛಾ ಹೇಳಿಕೆಯಲ್ಲಿ ಆರು ಪುಟ ಕಳವಿನ ಕಥೆ ಬರೆದು ಪ್ರಯೋಜನವಿಲ್ಲ. ‘ಚೀಲಗಳನ್ನು ಇಟ್ಟ ಜಾಗವನ್ನೂ ಕೊಂಡವರನ್ನೂ ತೋರಿಸುತ್ತೇನೆ’ ಎಂಬ ಅವನ ಮಾತು, ಅವನದೇ ಮಾತಿನಲ್ಲಿ, ಪಂಚರ ಎದುರು ಬಂದಿರಬೇಕು. ಪೊಲೀಸರು ಆ ಗೋದಾಮಿಗೆ ಮೊದಲೇ ಹೋಗಿ ನೋಡಿ ಬಂದಿದ್ದರೆ ಅದು ಪತ್ತೆಯೇ ಅಲ್ಲ. ಅವಸರದ ತಂಡಗಳು ಎಡವುವುದು ಇಲ್ಲೇ: ಫೋನಿನಲ್ಲಿ ವಿಚಾರಿಸಿ, ಮಾಲು ಇದೆ ಎಂದು ಖಚಿತಪಡಿಸಿಕೊಂಡು, ಆಮೇಲೆ ಆರೋಪಿಯನ್ನು ಕರೆದೊಯ್ದು ತೋರಿಸಿದಂತೆ ಮಾಡುವುದು.

ಪಂಚರ ಆಯ್ಕೆಯೂ ಹಾಗೆಯೇ. ಠಾಣೆಯ ಎದುರಿನ ಚಹಾ ಅಂಗಡಿಯವರು ಹತ್ತು ಕೇಸಿಗೆ ಕಾಯಂ ಪಂಚರಾಗಿದ್ದರೆ ಅವರ ಮಾತಿಗೆ ತೂಕವಿರುವುದಿಲ್ಲ. ಇಲ್ಲಿ ಪತ್ರ ಬರೆದು ಸರ್ಕಾರಿ ಕಚೇರಿಯಿಂದ ಇಬ್ಬರು ನೌಕರರನ್ನು ಕರೆಸಿಕೊಂಡರು.

ಚಾಲಕ ಕರೆದೊಯ್ದದ್ದು ಪಕ್ಕದ ತಾಲ್ಲೂಕಿನ ಒಂದು ಗೋದಾಮಿಗೆ. ಸರಹದ್ದು ಬೇರೆಯಾದ್ದರಿಂದ ಅಲ್ಲಿನ ಠಾಣೆಗೆ ತಿಳಿಸಿ ಸಹಾಯಕ್ಕೆ ಒಬ್ಬರನ್ನು ಪಡೆದರು. ಶೋಧ ಮತ್ತು ಜಪ್ತಿಯನ್ನು ಸುರಕ್ಷಾ ಸಂಹಿತೆಯ 105ರಂತೆ ಮೊದಲಿನಿಂದ ಕೊನೆಯವರೆಗೆ ಚಿತ್ರೀಕರಿಸಬೇಕು. ಬಾಗಿಲು ತೆರೆಯುವ ಮೊದಲೇ ಚಿತ್ರೀಕರಣ ಶುರುವಾಗಿರಬೇಕು, ಮಾಲು ಕಂಡ ಮೇಲಲ್ಲ. ಒಳಗೆ ನೂರಕ್ಕೂ ಹೆಚ್ಚು ಚೀಲ. ಅವುಗಳ ನಡುವೆ ಹಸಿರು ದಾರದ ಏಳು ಚೀಲ, ಐದರ ಮೇಲೆ ನೀಲಿ ಅಕ್ಷರ. ಒಂದರ ತಳದ ಮೂಲೆ ಹರಿದು ಅದಕ್ಕೆ ಪ್ಲಾಸ್ಟಿಕ್ ತುಂಡು ತುರುಕಲಾಗಿತ್ತು.

ತೂಕಕ್ಕೆ ಗೋದಾಮಿನ ಮಾಪಕವನ್ನೇ ಬಳಸಿದರು. ಅದರ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವುದನ್ನು ನೋಡಿ ಮಹಜರಿನಲ್ಲಿ ಬರೆದರು. ಪ್ರತಿ ಚೀಲದ ಒಟ್ಟು ತೂಕ, ಗೋಣಿಯ ತೂಕ, ಅಡಿಕೆಯ ನಿವ್ವಳ ತೂಕ ಬೇರೆ ಬೇರೆ. ಏಳು ಚೀಲದ ನಿವ್ವಳ ತೂಕ 449 ಕಿಲೋ 600 ಗ್ರಾಂ ಬಂತು, ಇರಬೇಕಾದದ್ದು 455. ಅಡಿಕೆ ಬೇಸಿಗೆಗೆ ಇನ್ನಷ್ಟು ಆರುತ್ತದೆ, ಒಂದು ಚೀಲ ಸೋರಿದೆ. ಈ ವ್ಯತ್ಯಾಸ ಸಹಜ. ಅದನ್ನು ಮುಚ್ಚಿ 455 ಎಂದು ಬರೆಯುವುದು ಮಾತ್ರ ಕೇಸಿಗೆ ವಿಷ, ಏಕೆಂದರೆ ಮಾಪಕದ ಪರದೆ ವಿಡಿಯೋದಲ್ಲಿ ಕಾಣುತ್ತದೆ.

ಉಳಿದ ಎರಡು ಚೀಲ

ಇಡೀ ಪ್ರಕರಣದ ಗಟ್ಟಿತನ ಪರೀಕ್ಷೆಗೆ ಬಂದದ್ದು ಈ ಎರಡು ಚೀಲದಲ್ಲಿ. ಕೊಂಡ ವ್ಯಾಪಾರಿ ಎರಡು ಚೀಲವನ್ನು ಬಿಚ್ಚಿ ತನ್ನ ರಾಶಿಗೆ ಸುರಿದು ಆಗಿತ್ತು. ‘ಅದಕ್ಕೇನು ಸಾರ್, ಇಲ್ಲಿಂದ್ಲೇ ಎರಡು ಚೀಲ ತುಂಬ್ಸಿ ಕೊಡ್ತೀನಿ’ ಎಂದು ಅವನೇ ಮುಂದೆ ಬಂದ. ಒಂಬತ್ತಕ್ಕೆ ಒಂಬತ್ತು ಸಿಕ್ಕಿತೆಂದು ಪತ್ರಿಕಾ ಪ್ರಕಟಣೆ ಕೊಡಲು ಅನುಕೂಲ, ಪಿರ್ಯಾದುದಾರರಿಗೂ ಸಂತೋಷ.

ಪಿಎಸ್‌ಐ ಒಪ್ಪಲಿಲ್ಲ, ಅದು ಸರಿಯಾದ ತೀರ್ಮಾನ. ರಾಶಿಯಿಂದ ತುಂಬಿಸಿದ್ದು ಕಳವಿನ ಮಾಲಲ್ಲ. ಅದಕ್ಕೆ ಹಸಿರು ದಾರ ಇರುವುದಿಲ್ಲ, ಬಣ್ಣವೂ ಬೇರೆ. ಒಂಬತ್ತರಲ್ಲಿ ಎರಡು ಸುಳ್ಳು ಎಂದು ಪಾಟೀಸವಾಲಿನಲ್ಲಿ ಹೊರಬಂದರೆ ನಿಜವಾದ ಏಳರ ಮೇಲೂ ನೆರಳು ಬೀಳುತ್ತದೆ. ಅದರ ಬದಲು ಗೋದಾಮಿನ ಮೂಲೆಯಲ್ಲಿ ಸುತ್ತಿಟ್ಟ ಖಾಲಿ ಗೋಣಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ನೀಲಿ ಅಕ್ಷರದ ಎರಡು ಗೋಣಿ ಸಿಕ್ಕವು, ಬಾಯಿಯಂಚಿನಲ್ಲಿ ಕತ್ತರಿಸಿದ ಹಸಿರು ದಾರದ ತುಂಡುಗಳು ಇನ್ನೂ ಇದ್ದವು. ಐದು ಮತ್ತು ಎರಡು, ಪಿರ್ಯಾದಿನಲ್ಲಿ ಹೇಳಿದ ಏಳು ಅಕ್ಷರದ ಗೋಣಿಗೆ ಲೆಕ್ಕ ಕೂಡಿತು. ಬೇರೆಯವರ ಅಡಿಕೆಯ ಎರಡು ಚೀಲ ಕೊಡಲಾಗದ ಬಲವನ್ನು ಆ ಖಾಲಿ ಗೋಣಿಗಳು ಕೊಟ್ಟವು. ಚಾಲಕನ ಮನೆಯಲ್ಲಿ 46,500 ರೂಪಾಯಿ ನಗದು ಸಿಕ್ಕಿತು, ನೋಟುಗಳ ಮುಖಬೆಲೆಯೊಂದಿಗೆ ಬರೆದು ಅಮಾನತ್ತುಪಡಿಸಿದರು.

ವ್ಯಾಪಾರಿಯನ್ನು ಏನು ಮಾಡುವುದು ಎಂಬಲ್ಲಿ ಅಧಿಕಾರಿಗಳಲ್ಲೇ ಎರಡು ಮತವಿದೆ. ಮಾರಾಟ ರುಜುವಾತಾಗಲಿ ಎಂದು ಅವನನ್ನು ಸಾಕ್ಷಿ ಮಾಡಿಕೊಳ್ಳುವವರಿದ್ದಾರೆ. ಆದರೆ ಕೊಳ್ಳುವವರು ಇರುವವರೆಗೆ ಕದಿಯುವವರೂ ಇರುತ್ತಾರೆ. ಕದ್ದ ಮಾಲೆಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಂಡದ್ದು ನ್ಯಾಯ ಸಂಹಿತೆಯ 317(2)ರ ಅಪರಾಧ, ಮೂರು ವರ್ಷದವರೆಗೆ ಶಿಕ್ಷೆ. ‘ನಂಬಲು ಕಾರಣ’ ಇಲ್ಲಿ ಕಾಗದದಲ್ಲೇ ಇತ್ತು. ಮಾರುಕಟ್ಟೆ ದರ 48,000, ಅವನು ಕೊಟ್ಟದ್ದು 38,000. ಪೂರ್ತಿ ನಗದು, 2,22,300 ರೂಪಾಯಿ. ಬೆಳಗಿನ ಜಾವ ಇಳಿಸಿಕೊಂಡದ್ದು. ಬಿಲ್ಲಿಲ್ಲ, ಬೆಳೆಗಾರನ ಹೆಸರಿಲ್ಲ, ಖರೀದಿ ಪುಸ್ತಕದಲ್ಲಿ ನಮೂದಿಲ್ಲ. ತೋಟವೇ ಇಲ್ಲದ ಬಾಡಿಗೆ ಚಾಲಕ ಐದೂವರೆ ಕ್ವಿಂಟಲ್‌ಗೂ ಮೀರಿದ ಅಡಿಕೆ ತಂದಾಗ ಯಾವ ವ್ಯಾಪಾರಿಗೂ ಪ್ರಶ್ನೆ ಏಳಬೇಕು. ಅವನನ್ನು ಮೂರನೇ ಆರೋಪಿ ಮಾಡಿದರು. ಏಳು ವರ್ಷದೊಳಗಿನ ಶಿಕ್ಷೆಯಾದ್ದರಿಂದ ಬಂಧಿಸದೆ, ಹಾಜರಾಗುವಂತೆ ಸುರಕ್ಷಾ ಸಂಹಿತೆಯ 35(3)ರ ನೋಟಿಸು ಕೊಟ್ಟರು.

ಮಾಲು ಬಿಡುಗಡೆ

ಏಳು ಚೀಲ ಠಾಣೆಯ ಮುದ್ದೆಮಾಲು ಕೋಣೆಗೆ ಬಂದಾಗ ಏಪ್ರಿಲ್ ಹತ್ತಿರ. ಜೂನಿಗೆ ಮಳೆ. ಮಲೆನಾಡಿನ ತೇವಕ್ಕೆ ಆ ಕೋಣೆಯಲ್ಲಿಟ್ಟ ಅಡಿಕೆ ಬೂಷ್ಟು ಹಿಡಿದು, ಹುಳು ಬಿದ್ದು, ಒಂದು ಮಳೆಗಾಲದಲ್ಲೇ ದರ ಕಳೆದುಕೊಳ್ಳುತ್ತದೆ. ಕೇಸು ಮುಗಿಯುವವರೆಗೆ ಇಟ್ಟರೆ ಬೆಳೆಗಾರರಿಗೆ ಸಿಗುವುದು ಗೊಬ್ಬರ. ಸ್ವತ್ತನ್ನು ಠಾಣೆಯಲ್ಲಿ ವೃಥಾ ಕೊಳೆಸದೆ ಫೋಟೊ, ವಿವರವಾದ ಪಂಚನಾಮೆ ಮತ್ತು ಬಾಂಡ್ ಪಡೆದು ಬೇಗ ಮರಳಿಸಬೇಕೆಂದು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಈಗಿನ ಸುರಕ್ಷಾ ಸಂಹಿತೆಯ 497ನೇ ಕಲಂ ಸ್ವತ್ತಿನ ವಿವರಪಟ್ಟಿ ಮಾಡಲು 14 ದಿನದ ಮಿತಿಯನ್ನೂ ಹಾಕಿದೆ.

ಪಿರ್ಯಾದುದಾರರು ವಕೀಲರ ಮೂಲಕ ಅರ್ಜಿ ಹಾಕಿದರು. ಠಾಣೆಯ ಕಡೆಯಿಂದ ‘ಆಕ್ಷೇಪಣೆ ಇಲ್ಲ’ ಎಂಬ ವರದಿ ಅದೇ ವಾರ ಹೋಯಿತು. ಈ ವರದಿ ಬರೆಯಲು ಹದಿನೈದು ನಿಮಿಷ ಸಾಕು, ಅದು ಮೇಜಿನ ಮೇಲೆ ತಿಂಗಳುಗಟ್ಟಲೆ ಕೂತ ಉದಾಹರಣೆಗಳೂ ಉಂಟು. ಬಿಡುವ ಮೊದಲು ಪ್ರತಿ ಚೀಲದ ನಾಲ್ಕೂ ಬದಿಯ ಫೋಟೊ, ಹೊಲಿಗೆಯ ಹತ್ತಿರದ ಫೋಟೊ, ಹರಿದ ಮೂಲೆಯ ಪಕ್ಕ ಅಳತೆಪಟ್ಟಿ ಇಟ್ಟ ಫೋಟೊ ತೆಗೆದರು. ಪ್ರತಿ ಚೀಲದಿಂದ ಅರ್ಧ ಕಿಲೋ ಮಾದರಿ ತೆಗೆದು ಅರಗು ಹಾಕಿ ಇಟ್ಟುಕೊಂಡರು. ಹರಿದ ಗೋಣಿಯನ್ನು ಬಿಡಲಿಲ್ಲ. ಅದರ ಅಡಿಕೆಯನ್ನು ಬೇರೆ ಚೀಲಕ್ಕೆ ಹಾಕಿಕೊಟ್ಟು, ಆ ಗೋಣಿ, ತಗಡಿನ ತುದಿಯಲ್ಲಿ ಸಿಕ್ಕ ನಾರು, ದಾರದ ತುಂಡು ಮತ್ತು ಉಂಡೆಯನ್ನು ಹೋಲಿಕೆಗೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು. ಅಡಿಕೆಯನ್ನು ಕಳಿಸಿದ್ದರೆ ಯಾವ ಉತ್ತರವೂ ಬರುತ್ತಿರಲಿಲ್ಲ. ಗೋಣಿ, ದಾರಗಳಿಗೆ ಹೋಲಿಕೆಯ ಉತ್ತರ ಸಿಗುತ್ತದೆ.

ಬೆಳೆಗಾರರಿಗೆ ಮಾರಲು ನ್ಯಾಯಾಲಯ ಅನುಮತಿ ಕೊಟ್ಟಿತು. ಸಿಗದ ಎರಡು ಚೀಲದ ನಷ್ಟ ಅಂದಿನ ದರದಲ್ಲಿ 62,400 ರೂಪಾಯಿ. ನಗದು ಯಾರಿಗೆ ಸೇರಬೇಕೆಂಬುದು ತೀರ್ಪಿನವರೆಗೆ ಉಳಿಯಿತು, ಏಕೆಂದರೆ ಅದು ತನ್ನ ಹಣವೆಂದು ವ್ಯಾಪಾರಿಯೂ ಕೇಳುತ್ತಾನೆ.

ದೋಷಾರೋಪಣ ಪಟ್ಟಿ ಮತ್ತು ಮುಂದಿನದು

331(4)ಕ್ಕೆ 14 ವರ್ಷದವರೆಗೆ ಎಂದಿರುವುದರಿಂದ ಪಟ್ಟಿ ಸಲ್ಲಿಸಲು 90 ದಿನ ಸಿಗುತ್ತದೆಂದು ಕೆಲವರು ನಂಬಿ ಕೂರುತ್ತಾರೆ. ಆರೋಪಿ ಜೈಲಿನಲ್ಲಿದ್ದಾಗ 60 ದಿನವೆಂದೇ ಲೆಕ್ಕ ಹಿಡಿಯುವುದು ಕ್ಷೇಮ. 61ನೇ ದಿನ ಜಾಮೀನು ಅವನ ಹಕ್ಕಾಗಿಬಿಟ್ಟರೆ ಮಾಡಿದ ಕೆಲಸವೆಲ್ಲ ನೀರು. ಇಲ್ಲಿ ಬಂಧನದಿಂದ 52ನೇ ದಿನ ಪಟ್ಟಿ ಸಲ್ಲಿಕೆಯಾಯಿತು, ಪ್ರಯೋಗಾಲಯದ ವರದಿ ಬಂದ ಮೇಲೆ ಹೆಚ್ಚುವರಿ ವರದಿ ಕೊಡುವುದಾಗಿ ನಮೂದಿಸಿ. ತನಿಖೆಯ ಪ್ರಗತಿಯನ್ನು 90 ದಿನದೊಳಗೆ ಪಿರ್ಯಾದುದಾರರಿಗೆ ತಿಳಿಸಬೇಕೆಂಬ ಸುರಕ್ಷಾ ಸಂಹಿತೆಯ 193(3)ರ ಕರ್ತವ್ಯ ಇದರ ಜೊತೆಗೇ ಮುಗಿಯಿತು.

ಸಾಕ್ಷಿ ವಿಚಾರಣೆಗೆ ಸಮನ್ಸ್ ಬರುವ ಹೊತ್ತಿಗೆ ಆ ಪಿಎಸ್‌ಐ ಬೇರೆ ಜಿಲ್ಲೆಯಲ್ಲಿರುತ್ತಾರೆ, ಬಹುಶಃ ಇನ್ಸ್‌ಪೆಕ್ಟರ್ ಆಗಿ. ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್‌ಗಳು ಜಿಲ್ಲೆಯಲ್ಲೇ ಉಳಿಯುತ್ತಾರೆ. ಪ್ರೊಬೆಷನರಿ ಪಿಎಸ್‌ಐಗಳು ಪಿರ್ಯಾದು ಬರೆಯುವುದನ್ನು ಅಕಾಡೆಮಿಗಿಂತ ಇಂಥ ಹೆಡ್ ಕಾನ್‌ಸ್ಟೆಬಲ್‌ಗಳ ಪಕ್ಕ ಕೂತು ಹೆಚ್ಚು ಕಲಿಯುತ್ತಾರೆ. ವರ್ಗವಾದ ಅಧಿಕಾರಿ ಬರಲಾಗದಿದ್ದರೆ ಈಗ ಆ ಹುದ್ದೆಯಲ್ಲಿರುವವರು ದಾಖಲೆಯ ಮೇಲೆ ಸಾಕ್ಷಿ ಹೇಳಲು ಅದೇ ಸಂಹಿತೆಯ 336ನೇ ಕಲಂ ಅವಕಾಶ ಕೊಡುತ್ತದೆ. ಆದರೂ ಅಮಾನತ್ತು ಮಾಡಿದವರೇ ಬಂದರೆ ಒಳ್ಳೆಯದು. ಬರುವವರು ಹಿಂದಿನ ದಿನವೇ ಕೋರ್ಟ್ ಕಾನ್‌ಸ್ಟೆಬಲ್ ಹತ್ತಿರ ಕಡತ ತರಿಸಿ ನಾಲ್ಕು ವಿಷಯ ಓದಿಕೊಳ್ಳಬೇಕು: ಪಿರ್ಯಾದಿನಲ್ಲಿ ಹಸಿರು ದಾರದ ಮಾತು ಯಾವ ಸಾಲಿನಲ್ಲಿದೆ, ಡಿವಿಆರ್ ಎಷ್ಟು ನಿಮಿಷ ಮುಂದಿತ್ತು, ಏಳು ಚೀಲದ ನಿವ್ವಳ ತೂಕ ಎಷ್ಟು ಮತ್ತು ಯಾಕೆ ಕಡಿಮೆ, ಖಾಲಿ ಗೋಣಿಗಳ ಪಿಎಫ್ ನಂಬರ್ ಯಾವುದು. ಹರಿದ ಗೋಣಿ ನ್ಯಾಯಾಲಯದ ಮೇಜಿನ ಮೇಲೆ ಬಂದಾಗ ಅರಗು ಮುರಿದಿಲ್ಲವೆಂದು ಮೊದಲು ತೋರಿಸಿ, ಆಮೇಲೆ ಬಿಡಿಸಬೇಕು.